ನೀರಕ್ಕ ಎತ್ತಿಟ್ಟ ನಾಲ್ಕು ಟೈರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಟೈರು ಕಾರ್ಖಾನೆಯ ಹಿಂದಿರುವ ಪರೀಕ್ಷಾ ಮೈದಾನದಲ್ಲಿ ನೀರಿನ ಕೊಳವೆಗಳು ಒಂದೊಂದಾಗಿ ಕೆಮ್ಮಿ, ಬುಸುಗುಟ್ಟಿ, ಕೊನೆಗೆ ಸಮನಾಗಿ ಹರಿಯತೊಡಗುತ್ತವೆ. ಕಪ್ಪು ಡಾಂಬರಿನ ಮೇಲೆ ನೀರು ತೆಳ್ಳಗೆ ಹರಡುತ್ತದೆ. ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಚಪ್ಪಲಿ ಕೈಯಲ್ಲಿ ಹಿಡಿದು, ನರೆತ ಕೂದಲಿನ ಹೆಂಗಸೊಬ್ಬರು ಆ ನೀರಿನಲ್ಲಿ ಬರಿಗಾಲಿನಲ್ಲಿ ನಡೆದು ಬರುತ್ತಾರೆ. ಎರಡು ಕಡೆ ನಿಂತು ಕಾಲಿನಿಂದ ನೀರನ್ನು ಸರಿಸಿ ನೋಡುತ್ತಾರೆ.

"ಇಲ್ಲಿ ಮಡುಗಟ್ಟಿದೆ ನೋಡಿ, ಸ್ವಲ್ಪ ಗುಡಿಸಿಬಿಡಿ. ಆಮೇಲೆ ಟೈರು ಜಾರಿದ್ರೆ ಪಾಪ, ಅದರ ತಪ್ಪೋ ನಮ್ಮ ತಪ್ಪೋ ಗೊತ್ತಾಗಲ್ಲ."

ಮೈದಾನದಲ್ಲಿ ಇವರನ್ನು ಎಲ್ಲರೂ ಕರೆಯುವುದು ನೀರಕ್ಕ ಎಂದು. ಕೆಲಸ, ಹೊಸ ಟೈರುಗಳನ್ನು ಒದ್ದೆ ರಸ್ತೆಯಲ್ಲಿ ಓಡಿಸಿ ನೋಡುವುದು. ವೇಗದ ಕಾರುಗಳಿಗೆಂದು ತಯಾರಾಗುವ ಟೈರು ಅಂಗಡಿಯ ಗಾಜಿನೊಳಗೆ ಮಿಂಚುವ ಮೊದಲು ಇವರ ಕೈಯಲ್ಲಿ ಜಾರಬೇಕು, ಸುತ್ತಬೇಕು, ಕಿರುಚಿ ನಿಲ್ಲಬೇಕು. ಜಾಹೀರಾತಿನಲ್ಲಿ ಕಾರು ಕಾಣಿಸುತ್ತದೆ, ತಿರುವು ಕಾಣಿಸುತ್ತದೆ, ಚಿಮ್ಮುವ ನೀರೂ ಕಾಣಿಸುತ್ತದೆ. ಸ್ಟೇರಿಂಗಿನ ಹಿಂದೆ ಕೂತವರು ಎಂದೂ ಕಂಡಿಲ್ಲ.

ಒಣ ರಸ್ತೆಗೆ ಬೇರೊಬ್ಬರಿದ್ದಾರೆ. ಅವರ ಹೆಸರು ಬಿಸಿಲಣ್ಣ. ದಪ್ಪ ಮೀಸೆ, ಎಣ್ಣೆ ಕಾಣದ ತಲೆ, ಸದಾ ನಗುವ ಬಾಯಿ. ನೀರು ಹರಿಯುವ ಪಟ್ಟಿಯ ಅಂಚಿನಲ್ಲಿ ಶೂ ನೆನೆಯದಂತೆ ನಿಂತು ಅವರು ಕೂಗುತ್ತಾರೆ:

"ಏನು ನೀರಕ್ಕ, ಬೆಳಗಾಗೋ ಮೊದಲೇ ಪಾತ್ರೆ ತೊಳೆಯೋಕೆ ಶುರು ಮಾಡಿದ್ರಾ?"

"ನಿಮ್ಮ ರಸ್ತೇಲಿ ಕಣ್ಣು ಮುಚ್ಚಿಕೊಂಡೂ ಓಡಿಸಬಹುದು. ಬನ್ನಿ, ಇಲ್ಲಿ ಒಂದು ಸುತ್ತು ಹಾಕಿ ತೋರಿಸಿ ನೋಡೋಣ!"

"ಬೇಡಮ್ಮ. ಮನೇಲಿ ಹೆಂಡತಿ ಕಾಯ್ತಿದ್ದಾಳೆ."

ಈ ತಮಾಷೆ ಇಬ್ಬರಿಗೂ ಹಳತು. ಆದರೂ ದಿನಾ ನಗುತ್ತಾರೆ. ಇವತ್ತು ಮಾತ್ರ ನೀರಕ್ಕನ ನಗು ಅರ್ಧಕ್ಕೇ ನಿಲ್ಲುತ್ತದೆ. ಚಕ್ರ ಜೋಡಿಸುವ ಶೆಡ್ಡಿನ ಕಡೆಗೆ ನೋಡಲು ಹೋಗಿ, ಥಟ್ಟನೆ ಮುಖ ತಿರುಗಿಸಿಕೊಳ್ಳುತ್ತಾರೆ. ಅಲ್ಲಿ ಇವತ್ತಿನ ಪರೀಕ್ಷೆಯ ಟೈರುಗಳಿವೆ. ಅವುಗಳ ಜೊತೆಗೆ, ಅವರೇ ಮನೆಯಿಂದ ಬಟ್ಟೆ ಸುತ್ತಿ ತಂದ ನಾಲ್ಕು ಹಳೆಯ ಟೈರುಗಳೂ ಇವೆ.

ಒಂದು ಟೈರು ಒಣ ರಸ್ತೆಯಲ್ಲೂ ಒದ್ದೆ ರಸ್ತೆಯಲ್ಲೂ ಒಂದೇ ಸಮನೆ ಹಿಡಿತ ಕೊಡುವುದು ಹೇಳಿದಷ್ಟು ಸುಲಭವಲ್ಲ. ಒಣ ರಸ್ತೆಗೆ ರಬ್ಬರು ಆದಷ್ಟು ಹೆಚ್ಚಾಗಿ ನೆಲವನ್ನು ಮುಟ್ಟಬೇಕು. ಟೈರಿನ ಮೈಮೇಲಿನ ಉಬ್ಬು ತುಂಡುಗಳು, ಗ್ಯಾರೇಜಿನವರ ಮಾತಿನಲ್ಲಿ 'ಬಟನ್‌'ಗಳು, ಅಗಲವಾಗಿ, ಬಾಗದೆ ನಿಲ್ಲುವಂತಿರಬೇಕು. ಮಳೆ ಬಿದ್ದ ರಸ್ತೆಯ ಕಥೆ ಬೇರೆ. ಅಲ್ಲಿ ರಬ್ಬರಿಗೂ ನೆಲಕ್ಕೂ ನಡುವೆ ನೀರು ನುಗ್ಗುತ್ತದೆ. ಅದನ್ನು ಆಚೆ ತಳ್ಳಲು ಬಟನ್‌ಗಳ ನಡುವೆ ಆಳವಾದ ಗೆರೆಗಳು ಬೇಕು. ವೇಗ ಹೆಚ್ಚಿ, ಗೆರೆಗಳು ಹೊರಹಾಕುವುದಕ್ಕಿಂತ ಹೆಚ್ಚು ನೀರು ಒಳಬಂದರೆ ಟೈರು ನೀರಿನ ಮೇಲೆ ತೇಲುತ್ತದೆ. ಆಗ ಸ್ಟೇರಿಂಗ್ ತಿರುಗಿಸಿದರೂ ಕಾರು ಕೇಳುವುದಿಲ್ಲ. ಇನ್ನೊಂದು ವಿಷಯವೆಂದರೆ, ಮಳೆಯಲ್ಲಿ ರಸ್ತೆ ತಣ್ಣಗಿರುತ್ತದೆ. ತಣ್ಣಗಿದ್ದಾಗಲೂ ರಬ್ಬರು ಮೆತ್ತಗೆ ಉಳಿದು ಡಾಂಬರಿನ ಸಣ್ಣ ಸಣ್ಣ ತರಿಗಳನ್ನು ಅಪ್ಪಿಕೊಳ್ಳಬೇಕು. ಆದರೆ ಹೆಚ್ಚು ಗೆರೆ, ಹೆಚ್ಚು ಮೆತ್ತಗಿನ ರಬ್ಬರು ಎಂದರೆ ಬಿಸಿಲಿನ ರಸ್ತೆಯಲ್ಲಿ ಬಟನ್‌ಗಳು ಓಲಾಡುತ್ತವೆ, ಬೇಗ ಸವೆಯುತ್ತವೆ. ಒಂದು ಕಡೆ ಕೊಟ್ಟದ್ದನ್ನು ಇನ್ನೊಂದು ಕಡೆ ಕಳೆದುಕೊಳ್ಳಬೇಕಾಗುತ್ತದೆ. ಎಷ್ಟು ಕೊಡಬಹುದು, ಎಷ್ಟು ಬಿಡಬಹುದು ಎಂಬುದೇ ಈ ಮೈದಾನದ ನಿತ್ಯದ ಜಗಳ.

ಬಂಧುಬಳಗದಲ್ಲಿ ಯಾರು ಹೊಸ ಟೈರು ಕೊಳ್ಳಲು ಹೊರಟರೂ ನೀರಕ್ಕನಿಗೆ ಫೋನು ಬರುತ್ತದೆ. ಉತ್ತರ ಕೊಡುವ ಮೊದಲು ಅವರು ಕೇಳುವುದು ಒಂದೇ: "ಮಳೆ ಬಂದ್ರೆ ಗಾಡಿ ತೆಗೀತೀಯೋ, ಹೊದ್ದುಕೊಂಡು ಮಲಗ್ತೀಯೋ?" ಅಂಗಡಿಯಲ್ಲಿ ಯಾರೂ ಹೀಗೆ ಕೇಳುವುದಿಲ್ಲ ಎಂಬುದು ಅವರ ದೂರು. "ಹುಡುಗರು ಬರ್ತಾರೆ, ಟೈರನ್ನ ಉಗುರಲ್ಲಿ ಒತ್ತಿ ನೋಡ್ತಾರೆ. ಅಗಲ ಎಷ್ಟು, ಎಷ್ಟು ಸ್ಪೀಡು ತಡೆಯುತ್ತೆ ಅಂತ ಕೇಳ್ತಾರೆ. ಎಷ್ಟು ಬೇಗ ನಿಲ್ಲುತ್ತೆ ಅಂತ ಯಾರೂ ಕೇಳಲ್ಲ. ಓಡಿಸೋದು ಇಂಜಿನ್ ಕೆಲಸ ಕಣಪ್ಪ. ನಿಲ್ಲಿಸೋದು ಟೈರು."

ಈ ಕೆಲಸಕ್ಕೆ ಅವರು ಬಂದದ್ದು ಹುಡುಕಿಕೊಂಡಲ್ಲ. ಗಂಡ ತೀರಿಹೋದಾಗ ಕಾರ್ಖಾನೆಯ ಸರಕು ವ್ಯಾನು ಓಡಿಸಲು ಸೇರಿದರು. ಒಂದು ಮಳೆಗಾಲದಲ್ಲಿ ಒದ್ದೆ ಪಟ್ಟಿಯ ಚಾಲಕ ರಜೆ ಹಾಕಿದ. ಬೇರೆ ಯಾರೂ ಒಪ್ಪದೆ ಇದ್ದಾಗ ಇವರನ್ನು ಕೂರಿಸಿದರು. "ಕಾರು ಜಾರಿದ್ದು ನನಗೆ ಹೊಸದೇನೂ ಅನ್ನಿಸಲಿಲ್ಲ. ಆಗ ನನ್ನ ಬದುಕೇ ಹಾಗಿತ್ತಲ್ಲ" ಎಂದು ಹೇಳಿ, ಹೇಳಿದ್ದಕ್ಕೆ ತಾವೇ ನಾಚಿಕೊಳ್ಳುತ್ತಾರೆ. ಅಂದಿನಿಂದ ಕುತ್ತಿಗೆ ಮೂರು ಸಲ ಉಳುಕಿದೆ. ಬಲಗೈ ಮಣಿಕಟ್ಟಿಗೆ ಚಳಿ ಬಂದರೆ ನೋವು. ನೆನೆದ ಶೂ ಒಣಗಿದ ದಿನವಿಲ್ಲ. ಈ ಮಳೆಗಾಲ ಮುಗಿದರೆ ನಿವೃತ್ತಿ.

ಮೈದಾನದಲ್ಲಿ ಒಂದು ಕಟ್ಟುನಿಟ್ಟಿದೆ. ಓಡಿಸುವವರಿಗೆ ತಾವು ಓಡಿಸುತ್ತಿರುವುದು ಯಾವ ಟೈರು ಎಂದು ಗೊತ್ತಿರಬಾರದು. ಚಕ್ರ ಜೋಡಿಸುವ ಮೇಸ್ತ್ರಿ ಟೈರಿನ ಪಕ್ಕದ ಬರಹಕ್ಕೆಲ್ಲ ಕಪ್ಪು ಟೇಪು ಅಂಟಿಸಿ, ಚಕ್ರಗಳಿಗೆ ಗೋಣಿಯ ಪರದೆ ಇಳಿಬಿಡುತ್ತಾರೆ. ನೀರಕ್ಕ ತಲೆಯೆತ್ತಿ, ನೇರ ನಡೆದು ಬಂದು ಕೂತು, ಬಾಗಿಲು ಹಾಕಿಕೊಂಡ ಮೇಲೆಯೇ ಪರದೆ ತೆಗೆಯುವುದು. ಇನ್ನೊಂದು ಕಟ್ಟುನಿಟ್ಟೂ ಇದೆ. ಸೋತ ಟೈರು ಮೈದಾನದಿಂದ ಇಡಿಯಾಗಿ ಹೊರಗೆ ಹೋಗಬಾರದು. ಗರಗಸದ ಯಂತ್ರಕ್ಕೆ ಕೊಟ್ಟು ಅಡ್ಡಡ್ಡ ಕತ್ತರಿಸಬೇಕು.

ಮನೆಯಿಂದ ಬಂದ ಆ ನಾಲ್ಕು ಟೈರು ಗರಗಸದಿಂದ ಪಾರಾದವು. ಹನ್ನೆರಡು ಮಳೆಗಾಲಗಳ ಹಿಂದೆ ಒಂದು ಮಾದರಿ ಪರೀಕ್ಷೆಗೆ ಬಂತು. ಬೋರ್ಗರೆಯುವ ನೀರಿನಲ್ಲೂ ಅದು ನೆಲ ಬಿಡಲಿಲ್ಲ. "ಕಾರು ನಡೀತಾ ಇರೋದು ನೀರಿನ ಮೇಲೋ, ಕಂಬಳಿ ಮೇಲೋ ಅನ್ನಿಸ್ತು. ಬ್ರೇಕು ಒತ್ತಿದ್ರೆ ಕೈ ಹಿಡಿದು ನಿಲ್ಲಿಸಿದ ಹಾಗೆ" ಎನ್ನುತ್ತಾರೆ ನೀರಕ್ಕ. ಒಣ ರಸ್ತೆಯಲ್ಲಿ ಮಾತ್ರ ಬಿಸಿಲಣ್ಣನ ಕೈಗೆ ಅದು ಒಗ್ಗಲಿಲ್ಲ. ತಿರುವಿನಲ್ಲಿ ಓಲಾಡಿತು, ಬಿಸಿಯಾಗಿ ಬೇಗ ಸವೆಯಿತು. ಅವರು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಮಾದರಿ ಬಿದ್ದುಹೋಯಿತು.

"ನನಗೇನೂ ಸಿಟ್ಟಿಲ್ಲ. ಅವರು ಹೇಳಿದ್ದು ಸರಿಯೇ. ಆದ್ರೂ ಗರಗಸದ ಹತ್ರ ಹೋಗಿ ನಿಂತುಬಿಟ್ಟೆ, ಇಷ್ಟನ್ನಾದ್ರೂ ನನಗೆ ಕೊಡಿ ಅಂತ." ಮೇಲಿನವರು ಒಂದು ಸಲಕ್ಕೆ ಒಪ್ಪಿದರು. ಮೈದಾನ ಹರಾಜಿಗೆ ಹಾಕಿದ ಹಳೆಯ ಪರೀಕ್ಷಾ ಕಾರನ್ನು ನೀರಕ್ಕ ಆಗಷ್ಟೇ ಕೊಂಡಿದ್ದರು. ಚಕ್ರದ ಅಳತೆ ಒಂದೇ. ಆದರೆ ಅವರು ಆ ಟೈರುಗಳನ್ನು ಕಾರಿಗೆ ಹಾಕಲಿಲ್ಲ. ಅವುಗಳಿಗೆ ಬೇರೆಯೇ ಕೆಲಸ ಗೊತ್ತು ಮಾಡಿದ್ದರು.

ಆ ಕೆಲಸದ ಹೆಸರು ಅಕ್ಕ. ನೀರಕ್ಕನಿಗಿಂತ ಏಳು ವರ್ಷ ದೊಡ್ಡವರು, ತಾಯಿ ಹೋದ ಮೇಲೆ ತಂಗಿಯ ಜಡೆ ಹಾಕಿ ಬೆಳೆಸಿದವರು. ಅವರಿಬ್ಬರೂ ಬೆಳೆದದ್ದು ಬೆಟ್ಟದ ಆಚೆ, ಅಣೆಕಟ್ಟಿನ ಕೆಳಗಿನ ನೌಕರರ ಮನೆಗಳಲ್ಲಿ. ತಂದೆಗೆ ಅಣೆಕಟ್ಟಿನ ಬಾಗಿಲು ಎತ್ತುವ ಕೆಲಸ. ತುಂಬು ಮಳೆಯಲ್ಲಿ ಬಾಗಿಲುಗಳು ಮೇಲೆದ್ದು ನೀರು ಧುಮುಕುವಾಗ ಅಕ್ಕ ತಂಗಿ ಕಟ್ಟೆಯ ಮೇಲೆ ನಿಂತು ಕೂಗುತ್ತಿದ್ದರು. ಒಬ್ಬರ ಕೂಗು ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲವಂತೆ. ಮದುವೆಯಾಗಿ ಬೆಟ್ಟದ ಈಚೆಗೆ ಬಂದ ಮೇಲೆ, ಒಮ್ಮೆ ಮಳೆಯಲ್ಲಿ ಅಣೆಕಟ್ಟಿನ ಕಡೆಗೆ ಹೊರಟಾಗ ಅಕ್ಕ ಕೂತಿದ್ದ ಬಸ್ಸು ತಿರುವಿನಲ್ಲಿ ಜಾರಿ, ಅಂಚಿನ ಕಲ್ಲಿಗೆ ತಾಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಅಕ್ಕ ಮಾತ್ರ ಅಂದಿನಿಂದ ಮಳೆಯಲ್ಲಿ ಆ ದಾರಿ ತುಳಿದಿಲ್ಲ. ಬೇಸಿಗೆಯಲ್ಲಿ ಹೋದರೆ ಬಾಗಿಲುಗಳೆಲ್ಲ ಮುಚ್ಚಿರುತ್ತವೆ, ಕೆಳಗೆ ಬರೀ ಬಂಡೆ.

ಆ ಟೈರು ಸಿಕ್ಕ ದಿನ ನೀರಕ್ಕ ಅಕ್ಕನ ಮನೆಗೆ ಓಡಿದ್ದರು. ಮಳೆಯಲ್ಲೇ ಬೆಟ್ಟ ದಾಟಿಸಿ ಧುಮುಕುವ ನೀರು ತೋರಿಸುತ್ತೇನೆ ಎಂದು ಮಾತು ಕೊಟ್ಟರು. ಅಕ್ಕ ಒಪ್ಪಿದರು, "ನೀನೇ ಓಡಿಸೋದಾದ್ರೆ" ಎಂದು.

ಆದರೆ ಮಳೆಗಾಲವೆಂದರೆ ಮೈದಾನಕ್ಕೆ ಬಿಡುವಿಲ್ಲದ ಕಾಲ. ಮೊದಲ ವರ್ಷ ರಜೆ ಸಿಗಲಿಲ್ಲ. ಮರುವರ್ಷ ಅಕ್ಕನ ಮನೆಯಲ್ಲಿ ಮದುವೆ. ಆಮೇಲೆ ಭಾವನಿಗೆ ಕಾಯಿಲೆ. ಆಮೇಲೆ ಇನ್ನೇನೋ. ನೀರಕ್ಕ ಟೈರುಗಳನ್ನು ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ಅಡುಗೆಮನೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ಇಟ್ಟರು. ದಿನದ ಓಡಾಟಕ್ಕೆ ಬೇರೆ ಟೈರು. ಒಂದು ಮಿಲಿಮೀಟರೂ ಸವೆಯಬಾರದು, ಇದು ಮತ್ತೆ ಸಿಗುವ ಮಾಲಲ್ಲ ಎಂಬ ಎಚ್ಚರ.

ಉಪಯೋಗಿಸದೆ ಇಟ್ಟರೂ ರಬ್ಬರಿಗೆ ವಯಸ್ಸಾಗುತ್ತದೆ. ಗಾಳಿಯಲ್ಲಿನ ಆಮ್ಲಜನಕ ಅದರೊಳಗೆ ಮೆಲ್ಲಗೆ ಇಳಿಯುತ್ತದೆ, ಮೆತ್ತಗೆ ಇರಿಸುವ ಎಣ್ಣೆಯಂಶ ಆರುತ್ತದೆ, ಎಳೆಗಳು ಬಿಗಿಯುತ್ತವೆ. ಗೆರೆಗಳ ಆಳ ಹೊಸದರಷ್ಟೇ ಇರುತ್ತದೆ, ಆದರೆ ರಬ್ಬರು ನೆಲವನ್ನು ಅಪ್ಪಿಕೊಳ್ಳುವುದಿಲ್ಲ. ಹಳೆಯ ಟೈರು ಕೊಳ್ಳಬೇಡಿ, ಬಟನ್ ನೋಡಿ ಮೋಸಹೋಗಬೇಡಿ, ಪಕ್ಕದಲ್ಲಿ ಒತ್ತಿರುವ ತಯಾರಿಕೆಯ ತಾರೀಖು ನೋಡಿ ಎಂದು ಊರಿಗೆಲ್ಲ ಹೇಳುವವರು ನೀರಕ್ಕನೇ.

"ನನಗೆ ಗೊತ್ತಿರಲಿಲ್ವಾ? ಗೊತ್ತಿತ್ತು. ಆದ್ರೆ ಅದು ಬೇರೆಯವರ ಟೈರಿಗೆ, ನನ್ನದಕ್ಕಲ್ಲ ಅಂತ ಎಲ್ಲೋ ಒಂದು ಕಡೆ ಅಂದ್ಕೊಂಡಿದ್ದೆ" ಎಂದು ಅವರು ನಿಟ್ಟುಸಿರು ಬಿಡುತ್ತಾರೆ.

ಈ ವರ್ಷ ಕಾಯುವಂತಿಲ್ಲ. ಅಕ್ಕನ ಕಣ್ಣಿನ ನಡುಭಾಗ ಮಬ್ಬಾಗುತ್ತಿದೆ. ಎದುರಿಗೆ ನಿಂತವರ ಮುಖವಿರಬೇಕಾದ ಕಡೆ ಬೂದಿ ಬಣ್ಣದ ಕಲೆ. ಅಂಚಿನಲ್ಲಿ ಮಾತ್ರ ನೋಟ ಉಳಿದಿದೆ. ಹೋದ ನೋಟ ಮತ್ತೆ ಬರುವುದಿಲ್ಲ, ಉಳಿದದ್ದು ಎಷ್ಟು ದಿನವೋ ಹೇಳಲಾಗದು ಎಂದಿದ್ದಾರೆ ವೈದ್ಯರು. ಬೆಟ್ಟದಲ್ಲಿ ಮಳೆ ಶುರುವಾಗಿದೆ. ಈ ವಾರ ಅಣೆಕಟ್ಟಿನ ಬಾಗಿಲು ತೆರೆಯುತ್ತಾರೆ ಎಂಬ ಸುದ್ದಿ ಬಂದಿದೆ. ಅಕ್ಕನನ್ನು ಕೂರಿಸಿಕೊಂಡು ಹೋಗುವ ಮೊದಲು ನೀರಕ್ಕನಿಗೆ ತಿಳಿಯಬೇಕಾಗಿರುವುದು ಒಂದೇ. ಆ ಟೈರಿನಲ್ಲಿ ಇನ್ನೂ ಹಿಡಿತ ಉಳಿದಿದೆಯೇ?

ನಿನ್ನೆ ಸಂಜೆ ಟೈರುಗಳನ್ನು ಇಳಿಸಿದಾಗ ಮೇಸ್ತ್ರಿ ಒಪ್ಪಿರಲಿಲ್ಲ. "ನೀರಕ್ಕ, ಇದನ್ನ ನನ್ನ ಕೈಯಲ್ಲಿ ಹಾಕಿಸಬೇಡಿ. ವಯಸ್ಸು ನೋಡಿ ಇದರದ್ದು!"

"ನನ್ನ ವಯಸ್ಸು ನೋಡಿಯೂ ನನ್ನ ಕೂರಿಸ್ತೀರಲ್ಲ, ಇದನ್ನ ಹಾಕೋಕೆ ಏನು ಕಷ್ಟ?"

ಬಿಸಿಲಣ್ಣ ಬಂದು ನಾಲ್ಕನ್ನೂ ಬೆಳಕಿಗೆ ಹಿಡಿದು, ಒಳಗೂ ಹೊರಗೂ ಸವರಿ, ಸೀಳೇನೂ ಇಲ್ಲವೆಂದು ಖಾತ್ರಿ ಮಾಡಿಕೊಂಡರು. ಮೇಲಿನವರನ್ನು ಕೇಳಿ, ಇದೂ ಸೇರಿ ಇವತ್ತು ಓಡಬೇಕಾದ ನಾಲ್ಕು ಜೊತೆಗೂ ವೇಗ ಕಡಿಮೆ ಎಂಬ ಷರತ್ತಿನ ಮೇಲೆ ಒಪ್ಪಿಗೆ ತಂದರು. ಒಂದು ಕಾರಿಗೆ ಬೇಕಾದ ನಾಲ್ಕು ಟೈರಿಗೆ ಇಲ್ಲಿ ಒಂದು ಜೊತೆ ಎನ್ನುತ್ತಾರೆ. ನೀರಕ್ಕ ಇನ್ನೊಂದು ಮಾತು ಸೇರಿಸಿದರು: "ಉಳಿದ ಮೂರು ಜೊತೆಗಳ ನಡುವೆ ಇದನ್ನೂ ಸೇರಿಸಿಬಿಡಿ. ಯಾವುದು ಅಂತ ನನಗೆ ಹೇಳಬೇಡಿ. ಗೊತ್ತಿದ್ರೆ ನಾನು ಸುಳ್ಳು ಹೇಳ್ತೀನಿ."

ಬಿಸಿಲು ಏರುವ ಮೊದಲು ಓಟ ಶುರುವಾಗುತ್ತದೆ. ಮೊದಲ ಜೊತೆ. ಕಾರು ಒದ್ದೆ ಪಟ್ಟಿಗೆ ಇಳಿದು, ನೀರನ್ನು ಎರಡೂ ಕಡೆ ಸೀಳಿ, ಬ್ರೇಕು ಹಿಡಿದು, ನಿಲ್ಲಬೇಕಾದ ಕಡೆ ನೆಲಕ್ಕೆ ಬಳಿದ ಬಿಳಿ ಗೆರೆಯ ಬಳಿ ನಿಲ್ಲುತ್ತದೆ. ಆಮೇಲೆ ದುಂಡನೆಯ ತಿರುವಿನಲ್ಲಿ ಎರಡು ಸುತ್ತು. ನೀರಕ್ಕ ಗಾಜು ಇಳಿಸಿ ಹೇಳುತ್ತಾರೆ: "ಪರವಾಗಿಲ್ಲ. ಬುದ್ಧಿವಂತ, ಆದ್ರೆ ಸೋಮಾರಿ."

ಎರಡನೆಯದು ಸರಿಹೋಗುವುದಿಲ್ಲ. ಬ್ರೇಕು ಹಿಡಿದರೆ ಕಾರು ಗೆರೆ ದಾಟಿ ದೂರ ಹೋಗುತ್ತದೆ. ತಿರುವಿನಲ್ಲಿ ಹಿಂಭಾಗ ಪಕ್ಕಕ್ಕೆ ಜಾರಿ, ನೀರಕ್ಕ ಸ್ಟೇರಿಂಗನ್ನು ಎದುರು ದಿಕ್ಕಿಗೆ ತಿರುಗಿಸಿ ಸರಿಪಡಿಸಬೇಕಾಗುತ್ತದೆ. ಎರಡನೆಯ ಸುತ್ತು ಅವರು ಹಾಕುವುದೇ ಇಲ್ಲ. "ಇದು ಬೇಡ. ನೀರನ್ನೇನೋ ಆಚೆ ತಳ್ಳುತ್ತೆ, ನೆಲ ಮುಟ್ಟಿದ ಮೇಲೆ ಹಿಡಿಯೋಕೆ ಬರಲ್ಲ. ಇದನ್ನ ಯಾರ ಗಾಡಿಗೂ ಹಾಕಬೇಡಿ. ಸಂಸಾರಸ್ಥರು ಕೂತ್ಕೊಳ್ತಾರೆ."

ಮೇಸ್ತ್ರಿ ಪರದೆ ಇಳಿಬಿಟ್ಟು ತಲೆ ತಗ್ಗಿಸಿ ಚಕ್ರ ಬಿಚ್ಚುತ್ತಾರೆ. ಬಿಸಿಲಣ್ಣ ಆಕಾಶ ನೋಡುತ್ತಾರೆ.

ಮೂರನೆಯ ಜೊತೆಯಲ್ಲಿ ಕಾರು ಗೆರೆಗಿಂತ ಎಷ್ಟೋ ಮೊದಲೇ, ತಲೆ ತಗ್ಗಿಸಿ ನಮಸ್ಕಾರ ಹಾಕಿದಂತೆ ನಿಲ್ಲುತ್ತದೆ. ತಿರುವಿನಲ್ಲಿ ಒಂದು ಸುತ್ತು, ಇನ್ನೊಂದು, ಕೇಳದೆಯೇ ಮತ್ತೊಂದು. ಗಾಜು ಇಳಿದಾಗ ನೀರಕ್ಕನ ಮುಖವೆಲ್ಲ ನಗು.

"ಇದೇ! ಇದೇ ನಂದು! ನೋಡಿದ್ರಾ ಬಿಸಿಲಣ್ಣ? ಕಂಬಳಿ ಮೇಲೆ ಹೋದ ಹಾಗೆ ಹೋಗುತ್ತೆ. ವಯಸ್ಸಾಯ್ತು ಅಂದ್ರಲ್ಲ!"

ಬಿಸಿಲಣ್ಣ ಬಾಗಿ ಶೂ ದಾರ ಬಿಗಿದುಕೊಳ್ಳುತ್ತಾರೆ. ನಾಲ್ಕನೆಯ ಜೊತೆಯನ್ನೂ ಓಡಿಸಿ, "ಇದು ಸಾಧಾರಣ" ಎಂದು ಹೇಳಿ ನೀರಕ್ಕ ಇಳಿಯುತ್ತಾರೆ. ಶೆಡ್ಡಿನ ಗೋಡೆಗೆ ಸಾಲಾಗಿ ಒರಗಿಸಿದ ಚಕ್ರಗಳ ಮುಂದೆ ಮೇಸ್ತ್ರಿ ಕುಕ್ಕರಗಾಲಿನಲ್ಲಿ ಕೂತು ಒಂದೊಂದರ ಟೇಪು ಕೀಳುತ್ತಾರೆ. ಮೂರನೆಯದರ ಮೇಲೆ ಇರುವುದು ಈ ವರ್ಷದ ತಾರೀಖು. ಇನ್ನೆರಡು ತಿಂಗಳಿಗೆ ಅಂಗಡಿಗೆ ಬರಲಿರುವ, ಎಲ್ಲರೂ ಕೊಳ್ಳಬಹುದಾದ ಟೈರು. ಒಣ ರಸ್ತೆಯಲ್ಲೂ ಚೆನ್ನಾಗಿದೆ ಎಂದು ಬಿಸಿಲಣ್ಣ ಮೊನ್ನೆಯೇ ಒಪ್ಪಿದ್ದು.

ಎರಡನೆಯದರ ಟೇಪು ಕೀಳಲು ಮೇಸ್ತ್ರಿಯ ಕೈ ಬರುವುದಿಲ್ಲ. ನೀರಕ್ಕ ತಾವೇ ಬಾಗಿ ಕೀಳುತ್ತಾರೆ. ಹೊಸದರಷ್ಟೇ ಆಳವಾದ ಗೆರೆಗಳು. ಗೆರೆಗಳ ತಳದಲ್ಲಿ, ಕೂದಲೆಳೆಯಷ್ಟು ಸಣ್ಣ ಬಿರುಕುಗಳ ಬಲೆ. ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡುತ್ತಾರೆ. ಉಗುರು ಇಳಿಯುವುದಿಲ್ಲ.

"ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೆ ನೋಡಿ" ಎನ್ನುತ್ತಾರೆ.

"ನಾನು ಆವತ್ತು ಒಂದು ಅಂಕ ಜಾಸ್ತಿ ಕೊಟ್ಟಿದ್ರೆ..." ಎಂದು ಬಿಸಿಲಣ್ಣ ಶುರು ಮಾಡುತ್ತಾರೆ.

"ಸುಮ್ನಿರಿ. ನೀವು ನಿಮ್ಮ ಕೆಲಸ ಮಾಡಿದ್ರಿ. ಆ ವರ್ಷವೇ ಇದನ್ನ ಹಾಕ್ಕೊಂಡು ಹೊರಟಿದ್ರೆ ಆಗ್ತಿತ್ತು. ರಜೆ ಕೊಡಲ್ಲ ಅಂದ್ರೆ ಒಂದು ದಿನ ಹೊಟ್ಟೆನೋವು ಅಂದಿದ್ರೆ ಆಗ್ತಿತ್ತು. ಆಗ ಅವಳಿಗೆ ಸೂಜಿಗೆ ದಾರ ಪೋಣಿಸುವಷ್ಟು ಕಣ್ಣು ಕಾಣ್ತಿತ್ತು."

ಸೀಮೆಸುಣ್ಣ ತೆಗೆದುಕೊಂಡು, ಸೋತ ಟೈರಿಗೆ ಹಾಕುವ ಅಡ್ಡಗೆರೆಯನ್ನು ನಾಲ್ಕಕ್ಕೂ ಅವರೇ ಹಾಕುತ್ತಾರೆ. ರಿಮ್‌ನಿಂದ ಬಿಚ್ಚಿಸಿ, ಒಂದೊಂದಾಗಿ ಉರುಳಿಸಿಕೊಂಡು ಗರಗಸದವರೆಗೂ ಹೋಗುತ್ತಾರೆ. ಯಾರು ಕೈ ಹಾಕಲು ಬಂದರೂ ಬಿಡುವುದಿಲ್ಲ. ಯಂತ್ರದ ಸದ್ದು ನಿಂತಾಗ, ಸುಟ್ಟ ರಬ್ಬರಿನ ವಾಸನೆಯಲ್ಲಿ ನಿಂತು ಕೆಮ್ಮುತ್ತಾರೆ. ಆ ಕೆಮ್ಮಿನ ನೆಪದಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ.

ತಿಂಡಿಯ ಹೊತ್ತಿಗೆ ಮೆಟ್ಟಿಲ ಮೇಲೆ ಕೂತು ಅಕ್ಕನಿಗೆ ಫೋನು ಮಾಡುತ್ತಾರೆ. ಕಿವಿ ಸ್ವಲ್ಪ ಮಂದವಾದ್ದರಿಂದ ಅಕ್ಕ ಮಾತನಾಡುವುದೇ ಕೂಗಿ. ಸುತ್ತ ಕೂತವರಿಗೆಲ್ಲ ಕೇಳಿಸುತ್ತದೆ.

"ಏನಾಯ್ತೇ ನಿನ್ನ ಟೈರು?"

"ಹೋಯ್ತು ಕಣೇ."

"ಎಲ್ಲಿಗೆ ಹೋಯ್ತು?"

"ಕೆಲಸಕ್ಕೆ ಬರಲ್ಲ. ಗಟ್ಟಿಯಾಗಿಬಿಟ್ಟಿದೆ. ನಾನು ಇಟ್ಟೂ ಇಟ್ಟೂ ಹಾಳು ಮಾಡಿದೆ."

"ಹಾಗಾದ್ರೆ ಹೋಗೋದಿಲ್ವಾ?"

"ಹೋಗೋಣ. ಬೇರೆ ಟೈರಿದೆ, ಹೊಸದು. ನಾನೇ ಓಡಿಸಿ ನೋಡಿದೀನಿ, ಚೆನ್ನಾಗಿದೆ. ಕೇಳಿದ್ರೆ ಕೊಡ್ತಾರೆ, ಬಿಸಿಲಣ್ಣ ಕೇಳ್ತಿದ್ದಾರೆ. ನಾಳೇನೇ ಹೊರಡೋಣ. ಆದ್ರೆ ಅಕ್ಕ..." ನೀರಕ್ಕ ಫೋನನ್ನು ಇನ್ನೊಂದು ಕಿವಿಗೆ ಹಿಡಿಯುತ್ತಾರೆ. "ನಿನಗೆ ಏನು ತೋರಿಸಲಿ ಈಗ ನಾನು?"

"ಅಯ್ಯೋ, ಓರೆಗಣ್ಣಲ್ಲಿ ನೋಡ್ತೀನಿ ಬಿಡೆ. ನೇರ ನೋಡಿದ್ರೆ ನೀನೇ ಕಾಣಲ್ಲ, ಪಕ್ಕಕ್ಕೆ ತಿರುಗಿದ್ರೆ ಮೂಗಾದ್ರೂ ಕಾಣುತ್ತೆ. ಅಷ್ಟು ದೊಡ್ಡ ಅಣೆಕಟ್ಟು ಕಾಣಲ್ವಾ? ಮತ್ತೆ ಕೇಳು, ತಿರುವಿನಲ್ಲಿ ಜೋರಾಗಿ ಹೋದ್ರೆ ನಾನು ಇಳಿದುಬಿಡ್ತೀನಿ, ಈಗಲೇ ಹೇಳಿದೀನಿ."

ಫೋನು ಇಟ್ಟ ಮೇಲೆ ನೀರಕ್ಕ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಕುಡಿಯುತ್ತಾರೆ. ಅಂಚಿನ ನೋಟಕ್ಕೆ ಮಳೆಯ ಮಬ್ಬೂ ಸೇರಿದರೆ ಅಕ್ಕನಿಗೆ ಹೆಚ್ಚೇನೂ ಕಾಣುವುದಿಲ್ಲವೆಂದು ಅವರಿಗೆ ಗೊತ್ತು. ಅದು ಅಕ್ಕನಿಗೂ ಗೊತ್ತು. ಅತ್ತ ಶೆಡ್ಡಿನಲ್ಲಿ ಅವರ ಹಳೆಯ ಕಾರು ಜಾಕಿನ ಮೇಲೆ ನಿಂತಿದೆ. ಬಿಸಿಲಣ್ಣ ಮೇಲಿನವರನ್ನು ಹೇಗೆ ಒಪ್ಪಿಸಿದರೋ, ಮೂರನೆಯ ಜೊತೆಯ ಟೈರುಗಳಿಗೆ ತಾವೇ ಗಾಳಿ ನೋಡುತ್ತಿದ್ದಾರೆ. ಒದ್ದೆ ನೆಲದಲ್ಲಿ ಅವರ ಶೂ ನೆನೆದಿದೆ.

ನಿವೃತ್ತಿಯಾಗುವಾಗ ಕಾರ್ಖಾನೆಯಿಂದ ಏನು ಬೇಕು ಎಂದು ಕೇಳಿದರೆ ನೀರಕ್ಕ ಕೈಯಾಡಿಸುತ್ತಾರೆ. ಶಾಲು, ಫಲಕ ಯಾವುದೂ ಬೇಡ. "ಇಡೋಕೆ ಜಾಗ ಇದೆ, ಆದ್ರೆ ಇನ್ನು ಏನನ್ನೂ ಎತ್ತಿಡಲ್ಲ" ಎಂದು ನಗುತ್ತಾರೆ. ಆಮೇಲೆ ಒದ್ದೆ ಪಟ್ಟಿಯ ಕಡೆ ನೋಡುತ್ತಾ, ತಮಗೇ ಹೇಳಿಕೊಳ್ಳುವಂತೆ ಮೆಲ್ಲಗೆ ಹೇಳುತ್ತಾರೆ:

"ನಾಳೆ ಬಾಗಿಲು ಎತ್ತಿದ್ರೆ ಸಾಕು. ಆದಷ್ಟು ಹತ್ರ ನಿಲ್ಲಿಸಿ, ಅವಳ ಕಡೆ ಗಾಜು ಇಳಿಸ್ತೀನಿ. ಕಾಣದಿದ್ರೂ ಮುಖಕ್ಕೆ ನೀರು ಹಾರುತ್ತಲ್ಲ."